ಬಲಗಡೆಯ ಸೀಟು

ನಮ್ಮ ನನ್ನಿವಾಳದ ಕಡೆಯ ಆಕಾಶದಲ್ಲಿ ಹಾರುವ ವಿಮಾನಗಳಿಗೆ ಚಾಲಕರಿಲ್ಲ. ಇದು ಒಗಟಲ್ಲ, ನಿಜ. ಚಳ್ಳಕೆರೆ ತಾಲ್ಲೂಕಿನ ವರವು ಕಾವಲಿನಲ್ಲಿ ಡಿಆರ್‌ಡಿಓದವರು ಕಟ್ಟಿದ ವೈಮಾನಿಕ ಪರೀಕ್ಷಾ ಕೇಂದ್ರ 2017ರ ಮೇ ತಿಂಗಳಲ್ಲಿ ಉದ್ಘಾಟನೆಯಾಯಿತು. ಅಲ್ಲಿ ಪರೀಕ್ಷೆಗೆ ಏಳುವುದು ಮನುಷ್ಯರಿಲ್ಲದ ವಿಮಾನಗಳು. 2019ರ ಸೆಪ್ಟೆಂಬರಿನಲ್ಲಿ ಅಂಥದೊಂದು ಜೋಡಿಚಿಕ್ಕೇನಹಳ್ಳಿಯ ಬಳಿ ಬಿದ್ದಾಗ ಸುತ್ತಲ ಹಳ್ಳಿಯ ಜನ ಓಡಿಹೋಗಿ ನೋಡಿದರು. ಒಳಗೆ ಯಾರೂ ಇರಲಿಲ್ಲ. 2023ರ ಏಪ್ರಿಲಿನಲ್ಲಿ ಇಸ್ರೋದವರು ರೆಕ್ಕೆಯುಳ್ಳ ಒಂದು ವಾಹನವನ್ನು ಹೆಲಿಕಾಪ್ಟರಿನಿಂದ ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಬಿಟ್ಟರು. ಅದು ತಾನಾಗಿಯೇ ದಾರಿ ಹುಡುಕಿಕೊಂಡು ಇದೇ ಕೇಂದ್ರದ ರನ್‌ವೇ ಮೇಲೆ ಬಂದು ಇಳಿಯಿತು. ಅದರಲ್ಲೂ ಯಾರೂ ಇರಲಿಲ್ಲ.

ಹಸು, ಕುರಿ ಮೇಯುತ್ತಿದ್ದ ಅಮೃತಮಹಲ್ ಕಾವಲಿನ ಸುಮಾರು 10 ಸಾವಿರ ಎಕರೆ ಇಂಥ ಸಂಸ್ಥೆಗಳಿಗೆ ಹೋಯಿತು. ಅದರ ನ್ಯಾಯ ಅನ್ಯಾಯದ ಮಾತು ಹಸಿರು ನ್ಯಾಯಮಂಡಳಿಯವರೆಗೂ ಮುಟ್ಟಿತು. ಆ ವಿಷಯಕ್ಕೆ ಇಲ್ಲಿ ಕೈಹಾಕುವುದಿಲ್ಲ. ನನ್ನ ಜಗಳ ಬೇರೆಯದು. ರನ್‌ವೇ ನಮ್ಮ ತಾಲ್ಲೂಕಿಗೆ ಬಂತು, ವಿಮಾನ ಬಂತು. ಆದರೆ ನಮ್ಮ ಮಕ್ಕಳಲ್ಲಿ ಒಬ್ಬಳು ‘ನಾನು ವಿಮಾನ ಹಾರಿಸಬೇಕು’ ಎಂದರೆ ಅವಳಿಗೆ ಕಲಿಸುವವರು ಯಾರು? ಚಳ್ಳಕೆರೆಯಲ್ಲಂತೂ ಇಲ್ಲ. ಬೆಂಗಳೂರಿನಲ್ಲಿದ್ದಾರೆಯೇ? ದೇಶದಲ್ಲಿ ಎಷ್ಟು ಜನ ಇದ್ದಾರೆ? ಇದ್ದವರು ಯಾಕೆ ನಿಲ್ಲುತ್ತಿಲ್ಲ? ಹೊಸದಾಗಿ ಪರವಾನಗಿ ಪಡೆದ ಮಗಳೊಬ್ಬಳು ‘ನಾನು ಕಲಿಸುತ್ತೇನೆ’ ಎಂದರೆ ಮನೆಯವರೆಲ್ಲ ಯಾಕೆ ತಲೆಯ ಮೇಲೆ ಕೈಹೊತ್ತು ಕೂರುತ್ತಾರೆ?

ಈ ಕೊನೆಯ ಪ್ರಶ್ನೆ ನನ್ನ ತಂಗಿಯ ಮನೆಯಲ್ಲೇ ಎದ್ದದ್ದರಿಂದ ಈ ಲೇಖನ ಬರೆಯುತ್ತಿದ್ದೇನೆ. ಮೂವತ್ತು ವರ್ಷ ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿದವಳು ನಾನು. ಕಲಿಸುವ ಕೆಲಸವನ್ನು ಯಾರಾದರೂ ಹೀಗಳೆದರೆ ಸುಮ್ಮನಿರುವುದು ನನ್ನಿಂದಾಗದು.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಪತ್ರಿಕೆ ತೆರೆದರೆ ‘ಪೈಲಟ್‌ಗಳ ಕೊರತೆ’ ಎಂಬ ಸುದ್ದಿ. ಏರ್ ಇಂಡಿಯಾ 2023ರ ಫೆಬ್ರವರಿಯಲ್ಲಿ 470 ವಿಮಾನಗಳಿಗೆ, ಇಂಡಿಗೋ ಅದೇ ವರ್ಷ ಜೂನ್‌ನಲ್ಲಿ 500 ವಿಮಾನಗಳಿಗೆ ಬೇಡಿಕೆ ಇಟ್ಟವು. ಮುಂದಿನ 15–20 ವರ್ಷಗಳಲ್ಲಿ ದೇಶಕ್ಕೆ 30 ಸಾವಿರ ಪೈಲಟ್‌ಗಳು ಬೇಕಾಗುತ್ತಾರೆ ಎಂದು ವಿಮಾನಯಾನ ಸಚಿವರು ಹೇಳಿದರು. 2025ರ ಡಿಸೆಂಬರಿನಲ್ಲಿ ಪೈಲಟ್‌ಗಳ ವಿಶ್ರಾಂತಿಯ ಹೊಸ ನಿಯಮಕ್ಕೆ ಸಾಕಷ್ಟು ಜನರನ್ನು ಹೊಂದಿಸಿಕೊಳ್ಳದೆ ಇಂಡಿಗೋದ ಸಾವಿರಾರು ವಿಮಾನಗಳು ರದ್ದಾದವು. ಮದುವೆಗೆ ಹೊರಟವರು, ಆಸ್ಪತ್ರೆಗೆ ಹೊರಟವರು ಬೆಂಗಳೂರಿನ ನಿಲ್ದಾಣದಲ್ಲಿ ಪೆಟ್ಟಿಗೆಗಳ ಮೇಲೆ ಕುಳಿತರು.

ಇಷ್ಟು ಕೊರತೆಯಿದ್ದ ಮೇಲೆ ಪರವಾನಗಿ ಪಡೆದವರೆಲ್ಲ ಕೆಲಸದಲ್ಲಿರಬೇಕಲ್ಲ? ಇಲ್ಲ. 2023ರಲ್ಲಿ ನಾಗರಿಕ ವಿಮಾನಯಾನ ನಿರ್ದೇಶನಾಲಯ 1,600ಕ್ಕೂ ಹೆಚ್ಚು ವಾಣಿಜ್ಯ ಪೈಲಟ್ ಪರವಾನಗಿಗಳನ್ನು ಕೊಟ್ಟಿತು. ಅಷ್ಟು ಹಿಂದೆ ಯಾವ ವರ್ಷವೂ ಕೊಟ್ಟಿರಲಿಲ್ಲ. ಆದರೂ ಪರವಾನಗಿ ಕೈಯಲ್ಲಿ ಹಿಡಿದು ಮನೆಯಲ್ಲಿ ಕೂತ ಹುಡುಗ ಹುಡುಗಿಯರು ಎಲ್ಲ ಊರಿನಲ್ಲೂ ಸಿಗುತ್ತಾರೆ. ಕಂಪನಿಗಳಿಗೆ ತುರ್ತಾಗಿ ಬೇಕಾದವರು ಅನುಭವಸ್ಥ ಕ್ಯಾಪ್ಟನ್‌ಗಳು. ಹೊಸಬರ ಸರದಿ ಉದ್ದ. ಸರದಿಯಲ್ಲಿ ನಿಂತವರಿಗೂ ಏರ್‌ಬಸ್ಸೋ ಬೋಯಿಂಗೋ, ಒಂದು ನಿರ್ದಿಷ್ಟ ವಿಮಾನದ ‘ಟೈಪ್ ರೇಟಿಂಗ್’ ಬೇಕು. ಅದಕ್ಕೆ ಮತ್ತೆ ಹತ್ತಾರು ಲಕ್ಷ.

ಹೀಗೆ ಒಂದು ಕಡೆ ಹೊಸಬರು ಕೆಲಸವಿಲ್ಲದೆ ಕೂತಿದ್ದಾರೆ. ಇನ್ನೊಂದು ಕಡೆ ಹಾರಾಟದ ಶಾಲೆಗಳಲ್ಲಿ ಮಕ್ಕಳು ಬೋಧಕರಿಲ್ಲದೆ ಕೂತಿದ್ದಾರೆ. ನಡುವೆ ಒಂದು ಬಾಗಿಲಿದೆ. ಅದನ್ನು ಯಾರೂ ತಟ್ಟುವುದಿಲ್ಲ, ತಟ್ಟಲು ಹೋದವರ ಕೈಯನ್ನು ನಾವೇ ಹಿಡಿದೆಳೆಯುತ್ತೇವೆ.

ಹಾರಲು ಕಲಿಯುವುದೆಂದರೆ ಏನೆಂದು ನಮ್ಮಲ್ಲಿ ಬಹಳ ಜನಕ್ಕೆ ತಿಳಿಯದು. ನನಗೂ ತಂಗಿಯ ಮಗಳು ಹೇಳುವವರೆಗೆ ತಿಳಿದಿರಲಿಲ್ಲ. ವಾಣಿಜ್ಯ ಪರವಾನಗಿಗೆ ನಮ್ಮ ದೇಶದಲ್ಲಿ ಕನಿಷ್ಠ 200 ಗಂಟೆಗಳ ಹಾರಾಟ ಬೇಕು. ಮೊದಲ ಗಂಟೆಗಳೆಲ್ಲ ಬೋಧಕರ ಜೊತೆಗೆ. ಚಿಕ್ಕ ವಿಮಾನ, ಎರಡು ಕಡೆಯೂ ಚಾಲನೆಯ ಹಿಡಿಕೆ. ಎಡಗಡೆಯ ಸೀಟಿನಲ್ಲಿ ವಿದ್ಯಾರ್ಥಿ, ಬಲಗಡೆಯ ಸೀಟಿನಲ್ಲಿ ಬೋಧಕ. ನೇರವಾಗಿ ಹಾರುವುದು, ತಿರುಗುವುದು, ವೇಗ ಕಳೆದುಕೊಂಡ ರೆಕ್ಕೆ ಕುಸಿಯತೊಡಗಿದಾಗ ಮೂತಿಯನ್ನು ತಗ್ಗಿಸಿ ಮತ್ತೆ ಎತ್ತಿಕೊಳ್ಳುವುದು, ಎಂಜಿನ್ ನಿಂತರೆ ಯಾವ ಹೊಲ ಆರಿಸಬೇಕೆಂದು ಮೊದಲೇ ಕಣ್ಣಿಟ್ಟಿರುವುದು, ಆಮೇಲೆ ಇಳಿಯುವುದು, ಮತ್ತೆ ಇಳಿಯುವುದು, ಇನ್ನೂ ಇಳಿಯುವುದು. ಒಂದು ದಿನ ಬೋಧಕ ಬಾಗಿಲು ತೆಗೆದು ಕೆಳಗಿಳಿದು, ‘ಈಗ ನೀನೊಬ್ಬಳೇ ಒಂದು ಸುತ್ತು ಹೋಗಿ ಬಾ’ ಎನ್ನುತ್ತಾನೆ. ಆ ದಿನ ಯಾವುದೆಂದು ಯಾವ ಪುಸ್ತಕವೂ ಹೇಳುವುದಿಲ್ಲ. ಅದನ್ನು ತಿಳಿಯಬೇಕಾದವನು ಬಲಗಡೆ ಕೂತವನು.

‘ಬಲಗಡೆ ಕೂತವರ ಕೈ ಎಲ್ಲಿರುತ್ತೆ?’ ಎಂದು ನಾನು ಕೇಳಿದೆ. ‘ತೊಡೆ ಮೇಲೆ ಇರುತ್ತೆ ದೊಡ್ಡಮ್ಮ. ಆದರೆ ಹಿಡಿಕೆಗೆ ಒಂದು ಗೇಣು ದೂರ ಅಷ್ಟೆ’ ಎಂದಳು. ನೆಲ ಹತ್ತಿರ ಬರುತ್ತಿರುತ್ತದೆ, ಹುಡುಗಿ ತಪ್ಪು ಮಾಡುತ್ತಿದ್ದಾಳೆ. ಕೂಡಲೇ ಕಸಿದುಕೊಂಡರೆ ಅವಳು ಎಂದೂ ಕಲಿಯಳು, ತಡ ಮಾಡಿದರೆ ಇಬ್ಬರೂ ಉಳಿಯರು. ಇವೆರಡರ ನಡುವೆ ಇರುವುದು ಎರಡೋ ಮೂರೋ ಸೆಕೆಂಡು. ಆಗ ಬೋಧಕ ‘ಐ ಹ್ಯಾವ್ ಕಂಟ್ರೋಲ್’ ಎಂದರೆ ವಿದ್ಯಾರ್ಥಿ ಮರುಮಾತಿಲ್ಲದೆ ಕೈ ಬಿಡಬೇಕು. ಮೂವತ್ತು ವರ್ಷದಲ್ಲಿ ನನ್ನ ತರಗತಿಯ ಯಾವ ಲೆಕ್ಕವೂ ತಪ್ಪಿ ಯಾರ ಪ್ರಾಣವೂ ಹೋಗಲಿಲ್ಲ. ಇವರ ತರಗತಿ ಅಂಥದ್ದಲ್ಲ.

2023ರ ಮೇ ತಿಂಗಳ ಕೊನೆಯಲ್ಲಿ ಬೆಳಗಾವಿಯ ಬಳಿ ಹೊನ್ನಿಹಾಳದ ಹೊಲದಲ್ಲಿ ತರಬೇತಿ ವಿಮಾನವೊಂದು ತುರ್ತಾಗಿ ಇಳಿಯಬೇಕಾಯಿತು. ಒಳಗಿದ್ದ ಇಬ್ಬರೂ ಬದುಕಿದರು. ಅದೇ ಅಕ್ಟೋಬರಿನಲ್ಲಿ ಮಹಾರಾಷ್ಟ್ರದ ಬಾರಾಮತಿಯಲ್ಲಿ ಕೆಲವೇ ದಿನಗಳ ಅಂತರದಲ್ಲಿ ಎರಡು ತರಬೇತಿ ವಿಮಾನಗಳು ಬಿದ್ದು, ನಿರ್ದೇಶನಾಲಯ ಅಲ್ಲಿನ ಸಂಸ್ಥೆಯ ತರಬೇತಿಯನ್ನು ನಿಲ್ಲಿಸಿತು. ಇಂಥ ಸುದ್ದಿ ಬಂದಾಗ ನಾವು ವಿಮಾನ ಹಳೆಯದಿತ್ತೇ, ಎಂಜಿನ್ ಕೆಟ್ಟಿತ್ತೇ ಎಂದು ಕೇಳುತ್ತೇವೆ. ಬಲಗಡೆ ಕೂತವರಿಗೆ ಎಷ್ಟು ವರ್ಷದ ಅನುಭವ, ಆ ದಿನ ಅದು ಅವರ ಎಷ್ಟನೆಯ ಹಾರಾಟ, ತಿಂಗಳಿಗೆ ಅವರಿಗೆ ಸಿಗುವುದೇನು ಎಂದು ಕೇಳಿದ್ದೇವೆಯೇ?

ಬೋಧಕರು ಸಾಲದಿದ್ದಾಗ ಏನಾಗುತ್ತದೆ ಎಂಬುದನ್ನು ನಮ್ಮ ಹುಡುಗಿ ಅನುಭವಿಸಿದಳು. ಅವಳು ಕಲಿತದ್ದು ದೂರದ ಒಂದು ಶಾಲೆಯಲ್ಲಿ. ಹೆಸರು ಬೇಡ, ಇದು ಒಂದೇ ಶಾಲೆಯ ಕಥೆಯೇನಲ್ಲ. ಸೇರುವಾಗ ಒಂದೂವರೆ ವರ್ಷ ಎಂದಿದ್ದರು. ವಿಮಾನ ಇದ್ದ ದಿನ ಬೋಧಕರಿಲ್ಲ, ಬೋಧಕರಿದ್ದ ದಿನ ಮೋಡ, ಮೋಡ ಸರಿದಾಗ ಅವಳಿಗಿಂತ ಮುಂಚೆ ಬಂದವರ ಸರದಿ. ಬೋಧಕರೊಬ್ಬರು ದಿನಕ್ಕೆ ಇಷ್ಟೇ ಗಂಟೆ ಹಾರಬಹುದೆಂಬ ಮಿತಿಯಿದೆ, ಇರಲೇಬೇಕು. ಮಧ್ಯೆ ಒಬ್ಬ ಬೋಧಕರಿಗೆ ವಿಮಾನ ಕಂಪನಿಯಿಂದ ಕರೆ ಬಂತು, ತಿಂಗಳೊಳಗೆ ಹೊರಟುಹೋದರು. ಅವರ ಕೈಕೆಳಗಿದ್ದ ಮಕ್ಕಳನ್ನು ಉಳಿದವರಿಗೆ ಹಂಚಿದರು. ಹೊಸ ಬೋಧಕರು ಹಳೆಯ ಪಾಠವನ್ನು ಮೊದಲಿನಿಂದ ನೋಡಿದರು, ಅದಕ್ಕೂ ಗಂಟೆಗಿಷ್ಟು ಎಂದು ಹಣ. ಹಾಸ್ಟೆಲಿನ ಬಾಡಿಗೆ, ಮೆಸ್ಸಿನ ಬಿಲ್ಲು, ಬ್ಯಾಂಕಿನ ಬಡ್ಡಿ ಇವು ಯಾವುವೂ ಮೋಡವಿದೆ ಎಂದು ನಿಲ್ಲಲಿಲ್ಲ. ಒಂದೂವರೆ ವರ್ಷದ ಓದು ಮೂರು ವರ್ಷವಾಯಿತು. ತಂಗಿ ಮತ್ತು ಅವಳ ಯಜಮಾನರು ನೀರಾವರಿಯ ಎರಡು ಎಕರೆ ಮಾರಿದ್ದರು, ಮಿಕ್ಕಿದ್ದನ್ನು ಅಡವಿಟ್ಟಿದ್ದರು.

ಬೋಧಕರ ಕೊರತೆ ಎಂದರೆ ಇದು. ಅದು ಸರ್ಕಾರದ ಕಡತದ ಮಾತಷ್ಟೇ ಅಲ್ಲ, ಮನೆಯೊಂದು ತೆತ್ತ ಒಂದೂವರೆ ವರ್ಷದ ಬಡ್ಡಿ.

ಬೋಧಕರು ಯಾಕೆ ನಿಲ್ಲುವುದಿಲ್ಲ? ಅವರನ್ನು ಬೈಯುವ ಮೊದಲು ಅಮೆರಿಕದ ಕಡೆ ಒಮ್ಮೆ ನೋಡಿ. 2009ರಲ್ಲಿ ಅಲ್ಲಿಯ ಬಫಲೋ ನಗರದ ಬಳಿ ವಿಮಾನ ಬಿದ್ದ ಮೇಲೆ, ಪ್ರಯಾಣಿಕರ ವಿಮಾನದಲ್ಲಿ ಸಹಚಾಲಕರಾಗುವುದಕ್ಕೂ ಸಾಮಾನ್ಯವಾಗಿ 1,500 ಗಂಟೆಗಳ ಅನುಭವ ಬೇಕೆಂಬ ನಿಯಮ 2013ರಲ್ಲಿ ಬಂತು. ಇನ್ನೂರು ಮುನ್ನೂರು ಗಂಟೆಯ ಹುಡುಗ ಸಾವಿರದೈನೂರು ತಲುಪುವುದು ಹೇಗೆ? ಕಲಿಸುತ್ತ. ಹಾಗಾಗಿ ಅಲ್ಲಿ ಬೋಧಕನಾಗುವುದು ದಾರಿಯ ಒಂದು ಸಹಜ ಮೆಟ್ಟಿಲು. ಅಲ್ಲೂ ಕಂಪನಿಗಳು ಜೋರಾಗಿ ನೇಮಿಸಿಕೊಳ್ಳುವ ಕಾಲದಲ್ಲಿ ಬೋಧಕರು ಗುಂಪುಗುಂಪಾಗಿ ಹೊರಟು ಶಾಲೆಗಳು ಖಾಲಿಯಾಗುತ್ತವೆ. ಆದರೆ ಹೋದವರ ಹಿಂದೆ ಇನ್ನೊಂದು ತಂಡ ಬರುತ್ತಿರುತ್ತದೆ.

ನಮ್ಮಲ್ಲಿ ಆ ಮೆಟ್ಟಿಲೇ ಇಲ್ಲ. 200 ಗಂಟೆ ಮುಗಿಸಿದವರು ಟೈಪ್ ರೇಟಿಂಗ್ ಮಾಡಿಕೊಂಡು ನೇರವಾಗಿ ದೊಡ್ಡ ವಿಮಾನದ ಸಹಚಾಲಕರಾಗಬಹುದು. ಕಲಿಸುವವರಾಗಬೇಕಾದರೆ ಇನ್ನಷ್ಟು ಹಾರಾಟ, ಬಲಗಡೆಯ ಸೀಟಿನಿಂದ ಮತ್ತೊಮ್ಮೆ ಎಲ್ಲವನ್ನೂ ಕಲಿಯುವುದು, ಸಹಾಯಕ ಬೋಧಕರ ಪರೀಕ್ಷೆ. ಅದಕ್ಕೂ ಖರ್ಚು ಸ್ವಂತದ್ದು. ಇಷ್ಟೆಲ್ಲ ಮಾಡಿದ ಮೇಲೆ ಸಿಗುವ ಸಂಬಳ ವಿಮಾನ ಕಂಪನಿಯ ಸಂಬಳದ ಮುಂದೆ ಹೇಳಿಕೊಳ್ಳುವಂಥದ್ದಲ್ಲ. ಎಷ್ಟೋ ಕಡೆ ಹಾರಿದ ಗಂಟೆಗಿಷ್ಟು ಎಂದು ಲೆಕ್ಕ, ಮಳೆಗಾಲದಲ್ಲಿ ಕೈಗೆ ಬರುವುದು ಇನ್ನೂ ಕಡಿಮೆ. ಸಾಲದ್ದಕ್ಕೆ ಕಂಪನಿಗಳಲ್ಲಿ ಹಿರಿತನ ಎಣಿಸುವುದು ಸೇರಿದ ದಿನದಿಂದ. ಎರಡು ವರ್ಷ ಕಲಿಸಿ ಸೇರಿದವಳು, ಅವಳ ಹಿಂದೆ ಪರೀಕ್ಷೆ ಪಾಸಾಗಿ ನೇರವಾಗಿ ಸೇರಿದ ಹುಡುಗನಿಗಿಂತ ಕಿರಿಯಳಾಗುತ್ತಾಳೆ. ಇದನ್ನೆಲ್ಲ ನೋಡಿದರೆ ಬೋಧಕರು ಬಿಟ್ಟುಹೋಗುವುದು ಆಶ್ಚರ್ಯವಲ್ಲ, ಕೆಲವರಾದರೂ ಉಳಿದಿರುವುದೇ ಆಶ್ಚರ್ಯ. ಹಾಗೆ ಉಳಿದವರಲ್ಲಿ ಎಷ್ಟೋ ಜನ ವಾಯುಪಡೆಯಿಂದ ನಿವೃತ್ತರಾದ ಹಿರಿಯರು. ಅವರ ನಂತರ ಯಾರು ಎಂಬ ಪ್ರಶ್ನೆಗೆ ಉತ್ತರ ಹೇಳುವವರಿಲ್ಲ.

ನಮ್ಮ ಕಡೆ ಶೇಂಗಾ ಬೆಳೆಯುವ ಹೆಂಗಸರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಷ್ಟೇ ಬರವಿರಲಿ, ಬಿತ್ತನೆಗೆಂದು ಎತ್ತಿಟ್ಟ ಕಾಯಿಯ ಚೀಲಕ್ಕೆ ಕೈಹಾಕಬಾರದು. ಹುರಿದು ತಿಂದರೆ ಆ ದಿನ ಹೊಟ್ಟೆ ತುಂಬುತ್ತದೆ, ಮುಂಗಾರಿಗೆ ಹೊಲ ಬೀಳು. ನಮ್ಮ ವಿಮಾನ ಕಂಪನಿಗಳು ಬಿತ್ತನೆಯ ಚೀಲಕ್ಕೇ ಕೈಹಾಕಿವೆ. ಶಾಲೆಯ ಬೋಧಕರನ್ನು ಹೆಚ್ಚು ಸಂಬಳ ಕೊಟ್ಟು ಎಳೆದುಕೊಳ್ಳುತ್ತವೆ, ಆಮೇಲೆ ‘ತರಬೇತಿ ಪಡೆದವರು ಸಿಗುತ್ತಿಲ್ಲ’ ಎಂದು ಹಲುಬುತ್ತವೆ.

ಸರ್ಕಾರ ಏನೂ ಮಾಡಿಲ್ಲವೆಂದು ಹೇಳಲಾರೆ. 2021ರಲ್ಲಿ ಐದು ವಿಮಾನ ನಿಲ್ದಾಣಗಳಲ್ಲಿ ಹೊಸ ಹಾರಾಟ ಶಾಲೆಗಳಿಗೆ ಜಾಗ ಕೊಟ್ಟಿತು. ಅವುಗಳಲ್ಲಿ ಎರಡು, ಬೆಳಗಾವಿ ಮತ್ತು ಕಲಬುರಗಿ, ನಮ್ಮ ರಾಜ್ಯದವು. ಹಾರಾಟಕ್ಕೆ ಅನುಮತಿ ಕೊಡುವ ಅಧಿಕಾರ ಮೊದಲು ಮುಖ್ಯ ಬೋಧಕರಿಗೆ ಮತ್ತು ಉಪಮುಖ್ಯ ಬೋಧಕರಿಗೆ ಮಾತ್ರ ಇತ್ತು. ಅವರು ರಜೆ ಹಾಕಿದರೆ ಇಡೀ ಶಾಲೆಯ ವಿಮಾನಗಳು ನಿಲ್ಲುತ್ತಿದ್ದವು. ಆ ಅಧಿಕಾರವನ್ನು ಉಳಿದ ಬೋಧಕರಿಗೂ ಕೊಟ್ಟರು. ಒಳ್ಳೆಯದೇ. ಆದರೆ ಇದು ಇದ್ದ ನೀರನ್ನು ಹೆಚ್ಚು ಕೊಡಗಳಿಗೆ ಹಂಚಿದ ಹಾಗಾಯಿತು. ಬಾವಿ ತೋಡಿದ್ದು ಎಲ್ಲಿ?

ನಮ್ಮದೇ ಜಕ್ಕೂರನ್ನು ನೋಡಿ. ಮೈಸೂರು ಸಂಸ್ಥಾನದ ಕಾಲದ ನೆಲದಲ್ಲಿ, 1948ರಲ್ಲಿ ಹುಟ್ಟಿದ ಸರ್ಕಾರಿ ವಿಮಾನಯಾನ ತರಬೇತಿ ಶಾಲೆ ಅದು. ಅದರ ಪ್ರಾಂಶುಪಾಲರಾಗಿದ್ದವರು ವಿ. ಸುಂದರಂ, ಅಲ್ಲಿ ಮೊದಮೊದಲು ಕಲಿತು ಹೊರಬಂದವರಲ್ಲಿ ಒಬ್ಬರು ಅವರ ಪತ್ನಿ ಉಷಾ ಸುಂದರಂ. 1951ರಲ್ಲಿ ಈ ದಂಪತಿ ಹೊಸ ‘ಡವ್’ ವಿಮಾನವೊಂದನ್ನು ಲಂಡನ್ನಿನಿಂದ ಮುಂಬಯಿಗೆ 27 ಗಂಟೆಗಳಲ್ಲಿ ಹಾರಿಸಿ ತಂದರು. ಎಪ್ಪತ್ತೈದು ವರ್ಷಗಳ ಹಿಂದೆ, ನಮ್ಮ ರಾಜ್ಯದ ಸರ್ಕಾರಿ ಶಾಲೆಯೊಂದು ಹೆಣ್ಣುಮಗಳೊಬ್ಬಳನ್ನು ಅಷ್ಟು ದೂರ ಕಳಿಸಿತ್ತು. ಅದೇ ಶಾಲೆಯಲ್ಲಿ ಈಚಿನ ವರ್ಷಗಳಲ್ಲಿ ಮುಖ್ಯ ಬೋಧಕರಿಲ್ಲ, ಹಾರುವ ಸ್ಥಿತಿಯಲ್ಲಿ ವಿಮಾನಗಳಿಲ್ಲ ಎಂಬ ಕಾರಣಕ್ಕೆ ತರಬೇತಿ ನಿಂತದ್ದನ್ನು ಪತ್ರಿಕೆಗಳಲ್ಲಿ ಓದಿದೆವು. 2022ರಲ್ಲಿ ಮತ್ತೆ ಶುರು ಮಾಡಿದರು. ಶುರು ಮಾಡುವ ಸಮಾರಂಭಕ್ಕೆ ಹಾರ ತುರಾಯಿ ಎಲ್ಲವೂ ಸಿಗುತ್ತವೆ. ಬೋಧಕರು ಮಾತ್ರ ಅಂಗಡಿಯಲ್ಲಿ ಸಿಗುವುದಿಲ್ಲ.

ಈಗ ಮನೆಯ ಮಾತಿಗೆ ಬರೋಣ. ತಂಗಿಯ ಮಗಳಿಗೆ ಪರವಾನಗಿ ಬಂತು. ಕಂಪನಿಗಳ ಕರೆ ಬರಲಿಲ್ಲ. ಆರು ತಿಂಗಳು ಕಾದು ಅವಳು ಹೇಳಿದಳು: ‘ಬೋಧಕಳ ರೇಟಿಂಗ್ ಮಾಡ್ಕೊಳ್ತೀನಿ. ಶಾಲೇಲಿ ತಗೊಳ್ಳೋಕೆ ತಯಾರಿದ್ದಾರೆ.’ ಮನೆಯಲ್ಲಿ ಸಾವಿನ ಸುದ್ದಿ ಬಂದ ಹಾಗಾಯಿತು. ‘ಅಷ್ಟು ದುಡ್ಡು ಸುರಿದು ಕೊನೆಗೆ ಟೀಚರ್ ಆಗೋದಾ?’ ಎಂದಳು ನನ್ನ ತಂಗಿ, ನನ್ನ ಎದುರಿಗೇ. ಅವಳ ಓರಗಿತ್ತಿ ಇನ್ನೂ ಮುಂದೆ ಹೋದರು: ‘ಗಂಡಿನ ಕಡೆಯೋರು ಕೇಳಿದ್ರೆ ಏನಂತ ಹೇಳ್ಲಿ ಅಕ್ಕಾ? ಇಂಡಿಗೋದಾಗೆ ಅಂದ್ರೆ ಒಂದು ತೂಕ. ಸಣ್ಣ ವಿಮಾನದಾಗೆ ಹುಡುಗ್ರಿಗೆ ಕಲಿಸ್ತಾಳೆ ಅಂದ್ರೆ ಏನು ಬೆಲೆ?’

ಸಹೋದರಿಯರೇ, ಇಲ್ಲಿ ಒಂದು ವಿಚಿತ್ರವನ್ನು ಗಮನಿಸಿ. ನನ್ನ ಕಾಲದಲ್ಲಿ ಹೆಣ್ಣುಮಕ್ಕಳಿಗೆ ಟೀಚರ್ ಕೆಲಸವೇ ಸರಿ ಎಂದು ತಳ್ಳಿದವರು ಇದೇ ಜನ. ಯಾಕೆಂದರೆ ಸಂಜೆ ಐದಕ್ಕೆ ಮನೆಗೆ ಬಂದು ಒಲೆ ಹಚ್ಚಬಹುದು, ಬೇಸಿಗೆ ರಜೆಯಲ್ಲಿ ಹಪ್ಪಳ ಸಂಡಿಗೆ ಮಾಡಬಹುದು. ಕಲಿಸುವ ಕೆಲಸ ದೊಡ್ಡದು ಎಂಬ ಕಾರಣಕ್ಕೆ ಯಾರೂ ನಮ್ಮನ್ನು ಟಿಸಿಎಚ್‌ಗೆ, ಬಿ.ಎಡ್‌ಗೆ ಕಳಿಸಲಿಲ್ಲ. ಅದು ಮನೆಗೆಲಸಕ್ಕೆ ಅಡ್ಡ ಬರುವುದಿಲ್ಲ ಎಂಬ ಕಾರಣಕ್ಕೆ ಕಳಿಸಿದರು. ಈಗ ನೆಲದಿಂದ ಮೂರು ಸಾವಿರ ಅಡಿ ಮೇಲೆ, ಜೀವ ಪಣಕ್ಕಿಟ್ಟು ಕಲಿಸುವ ಕೆಲಸ ಬಂದಾಗ ಅದೇ ಜನ, ‘ಟೀಚರಾ?’ ಎಂದು ಮೂಗು ಮುರಿಯುತ್ತಾರೆ. ಅಂದಮೇಲೆ ಅವರು ಕಲಿಸುವುದಕ್ಕೆ ಅಂದೂ ಬೆಲೆ ಕೊಟ್ಟಿರಲಿಲ್ಲ, ಇಂದೂ ಕೊಡುತ್ತಿಲ್ಲ. ಹೆಣ್ಣಿಗೆ ಅಗ್ಗದ ಕೆಲಸ ಸಾಕು ಎಂದುಕೊಂಡವರು ಅಂದು ಅದನ್ನು ಹೊಗಳಿದರು, ಹೆಣ್ಣು ದುಬಾರಿಯಾದ ಮೇಲೆ ಅದನ್ನೇ ಹಳಿದರು.

ನಮ್ಮ ದೇಶದ ಪೈಲಟ್‌ಗಳಲ್ಲಿ ಸುಮಾರು ಶೇಕಡ 15ರಷ್ಟು ಮಹಿಳೆಯರು. ಪ್ರಪಂಚದ ಸರಾಸರಿ ಶೇಕಡ 5ರ ಆಸುಪಾಸು. ಇದು ನಾವೆಲ್ಲ ಹೆಮ್ಮೆಪಡುವ ಮಾತು. 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ದಾರಿಯಾಗಿ ನಮ್ಮ ಬೆಂಗಳೂರಿಗೆ ಏರ್ ಇಂಡಿಯಾ ವಿಮಾನವನ್ನು ಹಾರಿಸಿ ತಂದ ನಾಲ್ವರೂ ಮಹಿಳೆಯರು. ಅವರ ಚಿತ್ರ ನೋಡಿ ನನ್ನ ಕಣ್ಣೂ ತುಂಬಿತು. ಆದರೆ ಆ ನಾಲ್ವರನ್ನೂ ಒಂದು ದಿನ ಎಡಗಡೆ ಕೂರಿಸಿ, ತಾವು ಬಲಗಡೆ ಕೂತು, ಕೈಯನ್ನು ಗೇಣು ದೂರದಲ್ಲಿಟ್ಟು ಕಾದವರಿದ್ದರು. ಅವರ ಚಿತ್ರವನ್ನು ಯಾವ ಪತ್ರಿಕೆಯೂ ಹಾಕಲಿಲ್ಲ. ಮಹಿಳಾ ಪೈಲಟ್‌ಗಳನ್ನು ಎಣಿಸುವ ನಾವು ಮಹಿಳಾ ಬೋಧಕರು ಎಷ್ಟು ಜನ ಎಂದು ಎಣಿಸುವುದಿಲ್ಲ.

ಎದುರಾಳಿಗಳ ವಾದದಲ್ಲಿ ಹುರುಳಿಲ್ಲವೆಂದು ನಾನು ಹೇಳುವುದಿಲ್ಲ. ತಂಗಿಯ ಮಾತಿನ ಹಿಂದೆ ಬ್ಯಾಂಕಿನ ಕಂತು ಇದೆ. ಪರವಾನಗಿಗೇ ಅರ್ಧ ಕೋಟಿ ಮೀರುತ್ತದೆ, ಟೈಪ್ ರೇಟಿಂಗ್ ಸೇರಿಸಿ ಕಂಪನಿಗಳ ಕೆಡೆಟ್ ಯೋಜನೆಯಲ್ಲಿ ಹೋದರೆ ಕೋಟಿ ಮುಟ್ಟುತ್ತದೆ. ಈ ಸಾಲ ತಲೆಯ ಮೇಲಿದ್ದವಳಿಗೆ ‘ಸೇವೆ ಮಾಡಮ್ಮ’ ಎಂದು ಉಪದೇಶ ಮಾಡುವುದು ಸುಲಭ, ಕಂತು ಕಟ್ಟುವವರು ಯಾರು? ಆದರೆ ಅದೇ ತಂಗಿಗೆ ನಾನು ಕೇಳಿದ್ದು ಇಷ್ಟೆ: ‘ಮನೇಲಿ ಕೂತಿದ್ರೆ ಕಂತು ಕಟ್ತಾರಾ?’ ಕಂಪನಿಯ ಕೆಲಸ ಮತ್ತು ಬೋಧಕಿಯ ಕೆಲಸ ಎರಡೂ ಎದುರಿಗಿದ್ದು ಆರಿಸಿಕೊಳ್ಳುವ ಪ್ರಶ್ನೆ ಅವಳದಾಗಿರಲಿಲ್ಲ. ಬೋಧಕಿಯ ಕೆಲಸ ಮತ್ತು ಟಿವಿಯ ಮುಂದಿನ ಕುರ್ಚಿ, ಇವೆರಡರ ನಡುವೆ ಆರಿಸಬೇಕಿತ್ತು. ಹಾರದೆ ಕೂತ ಪೈಲಟ್ಟಿನ ಕೈ ಜಡ್ಡುಗಟ್ಟುತ್ತದೆ, ಪರೀಕ್ಷೆಗಳ ಅವಧಿ ಮೀರುತ್ತದೆ. ಕಲಿಸುವವಳ ಲಾಗ್‌ಬುಕ್ ದಿನದಿನವೂ ತುಂಬುತ್ತದೆ, ಆ ಗಂಟೆಗಳು ಅವಳವೇ. ಕ್ಯಾಪ್ಟನ್ ಆಗಲು ಬೇಕಾದ ಎಟಿಪಿಎಲ್ ಪರವಾನಗಿಗೆ ನಮ್ಮಲ್ಲೂ 1,500 ಗಂಟೆ ಬೇಕು.

ಇನ್ನೊಂದು ವಾದ: ‘ಇನ್ನೂರು ಗಂಟೆ ಹಾರಿದವಳಿಗೆ ಏನು ಗೊತ್ತು ಅಂತ ಇನ್ನೊಬ್ಬರಿಗೆ ಕಲಿಸುತ್ತಾಳೆ?’ ಒಳ್ಳೆಯ ಪ್ರಶ್ನೆ. ಆದರೆ ಅದೇ ಇನ್ನೂರು ಗಂಟೆಯವಳು ನೂರೆಂಬತ್ತು ಜನ ಕೂತ ವಿಮಾನದ ಸಹಚಾಲಕಿಯಾಗಬಹುದು ಎನ್ನುವಾಗ ಈ ಪ್ರಶ್ನೆ ಯಾರಿಗೂ ಹೊಳೆಯುವುದಿಲ್ಲವಲ್ಲ! ಸಹಾಯಕ ಬೋಧಕಿ ಹಿರಿಯ ಬೋಧಕರ ಕಣ್ಣಡಿಯಲ್ಲೇ ಕಲಿಸುತ್ತಾಳೆ. ಮೇಲಾಗಿ, ಕಲಿಸಿದಾಗ ಕಲಿತಷ್ಟು ಕಲಿಯುವಾಗ ಕಲಿಯುವುದಿಲ್ಲ ಎಂಬುದು ಯಾವ ಮೇಷ್ಟರನ್ನು ಕೇಳಿದರೂ ತಿಳಿಯುತ್ತದೆ. ಎರಡು ಚಲಕದ ಸಮೀಕರಣ ನನಗೆ ನಿಜವಾಗಿ ಅರ್ಥವಾದದ್ದು ಬಿ.ಎಸ್ಸಿ.ಯಲ್ಲಲ್ಲ, ಒಂಬತ್ತನೇ ತರಗತಿಯ ಮಕ್ಕಳು ಅದನ್ನು ಹತ್ತು ಬಗೆಯಲ್ಲಿ ತಪ್ಪು ಮಾಡಿದಾಗ. ಸಾವಿರ ತಪ್ಪು ಇಳಿಯುವಿಕೆಗಳನ್ನು ಬಲಗಡೆ ಕೂತು ಕಂಡು, ತಿದ್ದಿದವಳು ನಾಳೆ ದೊಡ್ಡ ವಿಮಾನದಲ್ಲಿ ಕೂತಾಗ ಹಿಂದೆ ಕೂತ ನಾವು ಇನ್ನಷ್ಟು ನಿಶ್ಚಿಂತೆಯಿಂದ ನಿದ್ದೆ ಮಾಡಬಹುದು.

ಮೂರನೆಯದು ಹಿರಿತನದ ವಾದ. ಇದಕ್ಕೆ ನನ್ನ ಬಳಿ ಉತ್ತರವಿಲ್ಲ. ಉತ್ತರ ಕೊಡಬೇಕಾದವರು ಕಂಪನಿಗಳು. ಎರಡು ವರ್ಷ ಕಲಿಸಿ ಬಂದವರಿಗೆ ಆ ಎರಡು ವರ್ಷವನ್ನು ಹಿರಿತನಕ್ಕೆ ಸೇರಿಸಿ ಎಂದು ನಿರ್ದೇಶನಾಲಯ ಹೇಳಲಿ. ಸೈನ್ಯದಿಂದ ಬಂದವರಿಗೆ, ಗ್ರಾಮೀಣ ಸೇವೆ ಮಾಡಿದ ವೈದ್ಯರಿಗೆ ಬೇರೆಬೇರೆ ಕಡೆ ಮನ್ನಣೆ ಕೊಡುತ್ತೇವೆ, ಇವರಿಗೇಕೆ ಕೊಡಬಾರದು? ಕಡ್ಡಾಯ ಮಾಡಿ ಎನ್ನುವವರೂ ಇದ್ದಾರೆ, ನನಗದು ಒಪ್ಪಿಗೆಯಿಲ್ಲ. ಮನಸ್ಸಿಲ್ಲದೆ ಕಲಿಸುವವನ ತರಗತಿಯಲ್ಲಿ ಮಕ್ಕಳು ನಿದ್ದೆ ಹೋಗುತ್ತಾರೆ. ಮನಸ್ಸಿಲ್ಲದೆ ಬಲಗಡೆ ಕೂತವನ ವಿಮಾನದಲ್ಲಿ ಏನಾದೀತೆಂದು ಹೇಳಬೇಕೇ?

ಕಲಿಸುವವರನ್ನು ಬೆಳೆಸುವುದು ನಮ್ಮ ನೆಲಕ್ಕೆ ಹೊಸದಲ್ಲ. ನನ್ನಿವಾಳ ಮ್ಯಾಸಬೇಡರ ಕಟ್ಟೆಮನೆಯ ಊರು. ದೇವರ ಎತ್ತುಗಳನ್ನು ಕಾಯುವ ಕಿಲಾರಿ ಯಾವ ಶಾಲೆಯಲ್ಲೂ ಓದಿ ಕಿಲಾರಿಯಾದವನಲ್ಲ. ಹಿರಿಯ ಕಿಲಾರಿಯ ಹಿಂದೆ ಕಾವಲು ಸುತ್ತಿ, ಯಾವ ಹುಲ್ಲು ಯಾವ ತಿಂಗಳಲ್ಲಿ, ಯಾವ ನೀರು ಯಾವ ಬರದಲ್ಲಿ ಎಂದು ಕಲಿತವನು. ಹಿರಿಯನೂ ಅಷ್ಟೆ, ತನ್ನ ಹಿಂದೆ ಒಬ್ಬ ಹುಡುಗ ತಯಾರಾಗದೆ ಎತ್ತುಗಳನ್ನು ಬಿಟ್ಟು ಹೋಗುವುದು ಸರಿಯಲ್ಲ ಎಂದು ತಿಳಿದವನು. ಆ ಕಾವಲಿನ ಒಂದು ಪಾಲಿನಲ್ಲಿ, ಕುದಾಪುರದಲ್ಲಿ, ಈಗ ಭಾರತೀಯ ವಿಜ್ಞಾನ ಸಂಸ್ಥೆಯ 1,500 ಎಕರೆಯ ಆವರಣವಿದೆ. ಅಲ್ಲಿ ಅವರು ಮೊದಲೇ ಶುರು ಮಾಡಿದ ಕೆಲಸಗಳಲ್ಲಿ ಒಂದು ಯಾವುದು ಗೊತ್ತೇ? ಪ್ರೌಢಶಾಲೆ ಮತ್ತು ಕಾಲೇಜಿನ ವಿಜ್ಞಾನ ಶಿಕ್ಷಕರಿಗೆ ತರಬೇತಿ. ಹುಡುಗರು ವಿಜ್ಞಾನಿಗಳಾಗಬೇಕಾದರೆ ಮೊದಲು ಮೇಷ್ಟರು ತಯಾರಾಗಬೇಕು ಎಂದು ಅವರಿಗೆ ಹೊಳೆಯಿತು. ಅದೇ ತಾಲ್ಲೂಕಿನಲ್ಲಿ ರನ್‌ವೇ ಇದೆ. ಇಷ್ಟು ಬುದ್ಧಿ ವಿಮಾನಯಾನ ಇಲಾಖೆಗೂ ಬರಲಿ ಎಂದು ಆಶಿಸುವುದು ದೊಡ್ಡ ಆಸೆಯೇ?

ನಾನು ಕೇಳುವುದು ಹೆಚ್ಚೇನಿಲ್ಲ. ಬೋಧಕರ ರೇಟಿಂಗ್ ಮಾಡಿಕೊಳ್ಳುವವರಿಗೆ ಸರ್ಕಾರ ಖರ್ಚು ಕೊಡಲಿ. ಪರವಾನಗಿಗೆ ಕೊಡುವ ಸಾಲಕ್ಕಿಂತ ಇದು ಎಷ್ಟೋ ಪಾಲು ಚಿಕ್ಕದು. ಕಲಿಸುವಷ್ಟು ಕಾಲ ಶಿಕ್ಷಣ ಸಾಲದ ಕಂತನ್ನು ಬ್ಯಾಂಕುಗಳು ಮುಂದೂಡಲಿ, ಆ ಅವಧಿಯ ಬಡ್ಡಿಯನ್ನು ಸರ್ಕಾರ ಹೊರಲಿ. ಬೋಧಕರಿಗೆ ತಿಂಗಳ ಸಂಬಳ ಕೊಡದೆ ಗಂಟೆಯ ಕೂಲಿ ಕೊಡುವ ಶಾಲೆಗಳಿಗೆ ನಿಲ್ದಾಣಗಳಲ್ಲಿ ಜಾಗ ಕೊಡಬಾರದು. ಶಾಲೆಯಿಂದ ಬೋಧಕರನ್ನು ಎಳೆದುಕೊಳ್ಳುವ ಕಂಪನಿ ಆ ಜಾಗಕ್ಕೆ ಇನ್ನೊಬ್ಬರನ್ನು ತಯಾರು ಮಾಡುವ ಖರ್ಚು ಕಟ್ಟಲಿ.

ಇವೆಲ್ಲ ದೆಹಲಿಯಲ್ಲಿ ಆಗಬೇಕಾದವು, ಆಗುವಾಗ ಆಗಲಿ. ನಮ್ಮ ಕೈಯಲ್ಲಿರುವುದನ್ನು ನಾವು ಮಾಡೋಣ. ಮಗಳನ್ನೋ ಮಗನನ್ನೋ ಹಾರಾಟದ ಶಾಲೆಗೆ ಸೇರಿಸಲು ಹೊರಟ ತಾಯಂದಿರೇ, ಹೊಳೆಯುವ ಪುಸ್ತಿಕೆಯಲ್ಲಿ ಎಷ್ಟು ವಿಮಾನಗಳ ಚಿತ್ರವಿದೆ ಎಂದು ನೋಡಬೇಡಿ. ಕಚೇರಿಯಲ್ಲಿ ಕೂತು ಮೂರೇ ಪ್ರಶ್ನೆ ಕೇಳಿ. ಬೋಧಕರು ಎಷ್ಟು ಜನ, ಒಬ್ಬೊಬ್ಬರಿಗೆ ಎಷ್ಟು ವಿದ್ಯಾರ್ಥಿಗಳು? ಕಳೆದ ವರ್ಷ ಎಷ್ಟು ಬೋಧಕರು ಬಿಟ್ಟುಹೋದರು? ಹೋದ ತಂಡದ ಮಕ್ಕಳು 200 ಗಂಟೆ ಮುಗಿಸಲು ಎಷ್ಟು ತಿಂಗಳು ತೆಗೆದುಕೊಂಡರು? ಉತ್ತರ ಹೇಳಲು ತಡವರಿಸಿದರೆ ಚೀಲ ಎತ್ತಿಕೊಂಡು ಎದ್ದು ಬನ್ನಿ. ಬೆಳ್ಳಿ ಅಂಗಡಿಯಲ್ಲಿ ಒಂದು ಜೊತೆ ಕಾಲುಚೈನು ಕೊಳ್ಳಲು ಹತ್ತು ಪ್ರಶ್ನೆ ಕೇಳುವವರು ನಾವು. ಎರಡು ಎಕರೆ ಮಾರಿದ ಹಣಕ್ಕೆ ಮೂರು ಪ್ರಶ್ನೆ ಹೆಚ್ಚಲ್ಲ.

ಇನ್ನು, ಪರವಾನಗಿ ಪಡೆದು ಬಂದ ಮಗಳು ‘ಅಮ್ಮಾ, ನಾನು ಕಲಿಸುತ್ತೇನೆ’ ಎಂದರೆ ಗಂಡಿನ ಕಡೆಯವರ ಮುಖ ನೆನೆಸಿಕೊಳ್ಳಬೇಡಿ. ಕಲಿಸುವವಳನ್ನು ಕೀಳಾಗಿ ಕಾಣುವ ಮನೆಗೆ ಕೊಡುವುದಕ್ಕಿಂತ ಆ ಸಂಬಂಧ ತಪ್ಪುವುದೇ ವಾಸಿ. ಸಂಬಳ ಎಷ್ಟು, ತಿಂಗಳಿಗೋ ಗಂಟೆಗೋ ಎಂದು ಕೇಳಿ, ಕಾಗದದ ಮೇಲೆ ಬರೆಸಿಕೊಳ್ಳಲು ಹೇಳಿ, ಆಮೇಲೆ ಕಳಿಸಿಕೊಡಿ. ತಂಗಿಯ ಮನೆಯಲ್ಲಿ ಈ ವಾದ ಇನ್ನೂ ಮುಗಿದಿಲ್ಲ. ನಾನಂತೂ ಬಿಡುವವಳಲ್ಲ.